ಆ ಹುಡುಗರು ಎಲ್ಲಿಗೆ ಹೋದರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಪ್ರತಿವರ್ಷ ಒಂದೇ ತಲೆಬರಹ: ‘ಈ ಬಾರಿಯೂ ಬಾಲಕಿಯರೇ ಮೇಲುಗೈ’. ಇಸವಿ ಬದಲಾಗುತ್ತದೆ, ಮೊದಲ ಸ್ಥಾನದ ಜಿಲ್ಲೆ ಬದಲಾಗುತ್ತದೆ, ಈ ಸಾಲು ಮಾತ್ರ ಕದಲುವುದಿಲ್ಲ. 2024ರ ಮೊದಲ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳು ಶೇ 81.11ರಷ್ಟು ಪಾಸಾದರು, ಗಂಡುಮಕ್ಕಳು ಶೇ 65.90ರಷ್ಟು. ಹೆಣ್ಣುಮಕ್ಕಳ ಗೆಲುವು ಅವರು ಮನೆಗೆಲಸದ ನಡುವೆ ಓದಿ ಗಳಿಸಿದ್ದು. ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುತ್ತಿರುವುದು ಆ ತಲೆಬರಹದ ಕೆಳಗೆ ಯಾರೂ ಬರೆಯದ ಸುದ್ದಿಯನ್ನು. ಪರೀಕ್ಷೆಗೆ ಕೂತ ಮೂವರು ಹುಡುಗರಲ್ಲಿ ಒಬ್ಬ ದಾಟಲಿಲ್ಲ. ಎರಡನೇ, ಮೂರನೇ ಪರೀಕ್ಷೆ ಬರೆದು ಕೆಲವರು ದಾಟಿಕೊಂಡರು. ಉಳಿದವರು ಎಲ್ಲಿಗೆ ಹೋದರು?

ಶಿಕ್ಷಣ ಇಲಾಖೆಯನ್ನು ಕೇಳಿ. ಹಾಜರಿ ಪುಸ್ತಕದಿಂದ ಹೆಸರು ಇಳಿದ ಮೇಲೆ ಅವನು ಅವರ ಹುಡುಗನಲ್ಲ. ಕಾರ್ಮಿಕ ಇಲಾಖೆಯನ್ನು ಕೇಳಿ. ಕಾರ್ಡು ಮಾಡಿಸಿಕೊಂಡವರ ಲೆಕ್ಕ ಅವರಲ್ಲಿದೆ, ಮಾಡಿಸಿಕೊಳ್ಳದವನ ಲೆಕ್ಕ ಯಾರಲ್ಲಿದೆ? ಪೊಲೀಸರಿಗೆ ಅವನು ಸಿಕ್ಕಿಬಿದ್ದರೆ ಗೊತ್ತು, ಬ್ಯಾಂಕಿಗೆ ಕಂತು ಕಟ್ಟದಿದ್ದರೆ ಗೊತ್ತು. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದನೋ, ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬೆಂಗಳೂರಿನ ಯಾವುದೋ ಕಟ್ಟಡದ ಹತ್ತನೇ ಮಹಡಿಯಲ್ಲಿ ಸಿಮೆಂಟು ಹೊರುತ್ತಿದ್ದಾನೋ, ಬೆನ್ನಿಗೆ ಡೆಲಿವರಿ ಬ್ಯಾಗು ಕಟ್ಟಿಕೊಂಡು ಸಿಗ್ನಲ್ಲುಗಳಲ್ಲಿ ನಿಂತಿದ್ದಾನೋ, ಊರಲ್ಲೇ ಉಳಿದು ಒಂದೂವರೆ ಎಕರೆ ಉಳುತ್ತಿದ್ದಾನೋ, ಮತ್ತೆ ಓದಿ ನೌಕರಿ ಹಿಡಿದನೋ, ನಮಗೆ ಗೊತ್ತಿಲ್ಲ. ಮೂವತ್ತಾದಾಗ ಅವನಿಗೆ ಮದುವೆಯಾಗಿತ್ತೇ, ಮಗುವಿನ ಹೆಸರೇನು, ಸಂಜೆ ಏಳು ಗಂಟೆಗೆ ಅವನು ಎಲ್ಲಿರುತ್ತಾನೆ, ಇದಂತೂ ಯಾರಿಗೂ ಬೇಡ.

ನಮ್ಮ ಸರ್ಕಾರದ ಕಡತದಲ್ಲಿ ಒಬ್ಬ ಗಂಡಸಿನ ಬದುಕು ಮೊದಲ ಸಲ ಪೂರ್ತಿಯಾಗಿ ಮೂಡುವುದು ಯಾವಾಗ ಗೊತ್ತೇ? ಅವನು ರೈತನಾಗಿದ್ದು, ಆತ್ಮಹತ್ಯೆ ಮಾಡಿಕೊಂಡಾಗ. ಆಗ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ ಕೂರುತ್ತದೆ. ಪಹಣಿ ಯಾರ ಹೆಸರಿನಲ್ಲಿದೆ, ಸೊಸೈಟಿಯ ಸಾಲ ಎಷ್ಟು, ಕೈಸಾಲ ಎಷ್ಟು, ಬೆಳೆ ಹೋದದ್ದು ಯಾವಾಗ, ಕುಡಿಯುತ್ತಿದ್ದನೇ, ಮನೆಯಲ್ಲಿ ಜಗಳವಿತ್ತೇ, ಕಾಯಿಲೆ ಕಸಾಲೆ ಇತ್ತೇ ಎಂದು ಹೆಂಡತಿಯನ್ನೂ ಅಕ್ಕಪಕ್ಕದವರನ್ನೂ ವಿಚಾರಿಸುತ್ತಾರೆ. ಐದು ಲಕ್ಷ ರೂಪಾಯಿ ಪರಿಹಾರಕ್ಕೆ ಈ ಸಾವು ಅರ್ಹವೋ ಅಲ್ಲವೋ ಎಂದು ತೀರ್ಮಾನಿಸಲು ಇಷ್ಟೆಲ್ಲ ಬೇಕು. ಅವನು ಉಸಿರಾಡುತ್ತಿದ್ದ ನಲವತ್ತು ವರ್ಷಗಳಲ್ಲಿ ಇದೇ ಪ್ರಶ್ನೆಗಳನ್ನು ಅವನ ಎದುರೇ ಕೂತು ಯಾರಾದರೂ ಕೇಳಿದ್ದರೇ? ಕೇಳಿ, ಎರಡು ವರ್ಷ ಬಿಟ್ಟು ಮತ್ತೆ ಬಂದು ‘ಏನಪ್ಪಾ, ಈಗ ಹೇಗಿದ್ದೀಯ’ ಎಂದಿದ್ದರೇ?

ಮತ್ತೆ ಬಂದು ಕೇಳುವುದು. ಈ ಬರಹದಲ್ಲಿ ನಾನು ಬೇಡುತ್ತಿರುವುದು ಅಷ್ಟೇ. ಅಷ್ಟು ಸಣ್ಣ ಕೆಲಸವನ್ನು ಈ ನಾಡು ಇಷ್ಟು ದಿನ ಮಾಡದೆ ಇರುವುದು ನನಗೆ ನಾಚಿಕೆಯ ವಿಷಯವಾಗಿ ಕಾಣುತ್ತದೆ.

ಸರ್ವೆಗಳಿಗೇನು ನಮ್ಮಲ್ಲಿ ಬರವಿಲ್ಲ. 2015ರಲ್ಲಿ ರಾಜ್ಯದ ಮನೆ ಮನೆಗೆ ಹೋಗಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮಾಡಿದೆವು. ಹತ್ತು ವರ್ಷ ವರದಿಯ ಮೇಲೆ ಜಗಳವಾಡಿ, 2025ರ ಸೆಪ್ಟೆಂಬರ್ 22ರಿಂದ ಮತ್ತೊಮ್ಮೆ ಹೊರಟೆವು. ಅರವತ್ತು ಪ್ರಶ್ನೆ. ಕರೆಂಟಿನ ಮೀಟರಿನ ಲೆಕ್ಕದ ಮೇಲೆ ಮನೆಗಳನ್ನು ಗುರುತಿಸಿ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದ್ದೂ ಆಯಿತು. ದಸರಾ ರಜೆಯಲ್ಲಿ ಮೇಷ್ಟ್ರುಗಳು ಮೊಬೈಲ್ ಹಿಡಿದುಕೊಂಡು ನೆಟ್‌ವರ್ಕ್ ಹುಡುಕುತ್ತಾ ಗಲ್ಲಿ ಗಲ್ಲಿ ಅಲೆದರು. (ಪಾಠ ಬಿಟ್ಟು ಉಳಿದೆಲ್ಲ ಕೆಲಸಕ್ಕೂ ಮೇಷ್ಟ್ರೇ ಬೇಕು ನಮಗೆ, ಅದು ಬೇರೆ ಸಂಕಟ.) ಅಷ್ಟು ದೊಡ್ಡ ಕೆಲಸ ಮಾಡಿದ ಮೇಲೂ ಈ ಪ್ರಶ್ನೆಗೆ ಉತ್ತರವಿಲ್ಲ: 2015ರಲ್ಲಿ ‘ಓದುತ್ತಿದ್ದಾನೆ’ ಎಂದು ಬರೆಸಿದ ಹದಿನೈದರ ಹುಡುಗ 2025ರಲ್ಲಿ ಏನಾಗಿದ್ದಾನೆ? ಎರಡೂ ಸಲ ಎಣಿಸಿದ್ದು ಆಯಾ ದಿನ ಮನೆಯಲ್ಲಿ ಇದ್ದವರನ್ನು. ಓಡುವ ಬಸ್ಸಿನ ಜನರನ್ನು ಒಂದು ನಿಲ್ದಾಣದಲ್ಲಿ ನಿಂತು ಎಣಿಸಿದರೆ ಎಷ್ಟು ಸೀಟು ತುಂಬಿದೆ ಎಂಬುದು ತಿಳಿದೀತು. ಯಾರು ಎಲ್ಲಿ ಹತ್ತಿದರು, ಯಾರನ್ನು ನಡುದಾರಿಯಲ್ಲಿ ಇಳಿಸಲಾಯಿತು ಎಂಬುದು ತಿಳಿಯುವುದಿಲ್ಲ.

ಹತ್ತಿದವನ ಜೊತೆಗೇ ಪ್ರಯಾಣ ಮಾಡಿದ ಸರ್ವೆಯೊಂದರ ಕತೆ ಹೇಳುತ್ತೇನೆ. ದೂರದ ಕತೆ. ಆದರೆ ಅದರಲ್ಲಿ ನಮಗೆ ಮಾದರಿಯೂ ಇದೆ, ಎಚ್ಚರಿಕೆಯೂ ಇದೆ.

1960ರ ದಶಕದ ನಡುಭಾಗದಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಗೆ ಎರಡು ಚಿಂತೆ ಹತ್ತಿತ್ತು. ಇನ್ನೂ ದುಡಿಯಬಲ್ಲ ವಯಸ್ಸಿನ ಗಂಡಸರು ಕೆಲಸ ಬಿಟ್ಟು ಮನೆ ಸೇರುತ್ತಿದ್ದರು. ಶಾಲೆ ಬಿಟ್ಟ ಹುಡುಗರಿಗೆ, ಅದರಲ್ಲೂ ಕಪ್ಪು ಹುಡುಗರಿಗೆ, ಕೆಲಸ ಸಿಗುತ್ತಿರಲಿಲ್ಲ. ಕಾರಣ ತಿಳಿಯಬೇಕಾದರೆ ಒಮ್ಮೆ ಕೇಳಿದರೆ ಸಾಲದು ಎಂದು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಪಾರ್ನ್ಸ್ ಮತ್ತು ಅವರ ಸಂಗಡಿಗರು ಯೋಜನೆ ಹಾಕಿದರು. 1966ರಲ್ಲಿ 45ರಿಂದ 59 ವರ್ಷದ 5,020 ಗಂಡಸರನ್ನೂ 14ರಿಂದ 24 ವರ್ಷದ 5,225 ಹುಡುಗರನ್ನೂ ದೇಶದಾದ್ಯಂತ ಆರಿಸಿಕೊಂಡರು. ಕಪ್ಪು ಜನರ ಪಾಡು ಸರಾಸರಿಯಲ್ಲಿ ಮುಳುಗಿಹೋಗಬಾರದೆಂದು ಅವರನ್ನು ಬೇಕೆಂದೇ ಹೆಚ್ಚಿನ ಪ್ರಮಾಣದಲ್ಲಿ ಸೇರಿಸಿಕೊಂಡರು. ಜನಗಣತಿ ಬ್ಯೂರೋದವರು ಮನೆಗಳಿಗೆ ಹೋದರು, ಮತ್ತೆ ಹೋದರು, ಮತ್ತೆ ಮತ್ತೆ ಹೋದರು. ಮರುವರ್ಷ ನಡುವಯಸ್ಸಿನ ಹೆಂಗಸರನ್ನು, 1968ರಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಇದೇ ರೀತಿ ಹಿಂಬಾಲಿಸತೊಡಗಿದರು.

ಹುಡುಗರಿಗೆ ಆ ಮೊದಲ ವರ್ಷ ಕೊಟ್ಟ ಒಂದು ಪುಟ್ಟ ಪರೀಕ್ಷೆ ನನಗೆ ಬಹಳ ಇಷ್ಟ. ಹತ್ತು ಕಸುಬುಗಳ ಹೆಸರು ಹೇಳಿ, ಆ ಕೆಲಸದವರು ಏನು ಮಾಡುತ್ತಾರೆ ಎಂದು ಕೇಳುವುದು. ವೆಲ್ಡಿಂಗ್ ಮಾಡುವವನು, ನಕ್ಷೆ ಬಿಡಿಸುವವನು, ಆಸ್ಪತ್ರೆಯ ವಾರ್ಡಿನ ಸಹಾಯಕ, ಸಮಾಜ ಕಾರ್ಯಕರ್ತ, ಅರ್ಥಶಾಸ್ತ್ರಜ್ಞ, ಹೀಗೆ. ಕೆಲಸಗಳ ಬಗ್ಗೆ ಹೆಚ್ಚು ತಿಳಿದಿದ್ದ ಹುಡುಗನೇ ಕೆಲವು ವರ್ಷಗಳ ನಂತರ ಒಳ್ಳೆಯ ಕೆಲಸದಲ್ಲಿದ್ದ ಎಂಬುದನ್ನು ಪಾರ್ನ್ಸ್ 1975ರ ಹೊತ್ತಿಗೆ ತೋರಿಸಿದರು. ಅದೇ ಹುಡುಗನ ಬಾಗಿಲಿಗೆ ಮತ್ತೆ ಹೋಗಿರದಿದ್ದರೆ ಈ ಮಾತು ಹೇಳಲು ಬರುತ್ತಿರಲಿಲ್ಲ. ಯಾದಗಿರಿಯ ಹತ್ತನೇ ಕ್ಲಾಸಿನ ಹುಡುಗನಿಗೆ ಪೊಲೀಸ್, ಮೇಷ್ಟ್ರು, ಡ್ರೈವರ್, ಎಂಜಿನಿಯರ್ ಬಿಟ್ಟು ಇನ್ನೆಷ್ಟು ಕಸುಬುಗಳ ಹೆಸರು ಗೊತ್ತು? ಗೊತ್ತಿಲ್ಲದ್ದರಿಂದ ಅವನು ಕಳೆದುಕೊಂಡದ್ದು ಎಷ್ಟು? ಕೌಶಲಾಭಿವೃದ್ಧಿಗೆಂದು ನಿಗಮ, ಇಲಾಖೆ, ಸಚಿವರು ಎಲ್ಲ ಇದ್ದಾರೆ. ತರಬೇತಿ ಮುಗಿಸಿದವನ ಬಾಗಿಲಿಗೆ ಐದು ವರ್ಷದ ನಂತರ ಹೋದವರು ಯಾರಿದ್ದಾರೆ?

ಇನ್ನೊಂದು ಫಲ ಇದಕ್ಕಿಂತ ದೊಡ್ಡದು. ಆ 5,225 ಹುಡುಗರು ಬೆಳೆದ ಊರಿನ ಹತ್ತಿರ ಕಾಲೇಜು ಇತ್ತೇ ಇಲ್ಲವೇ ಎಂಬ ವಿವರವೂ ದಾಖಲೆಯಲ್ಲಿತ್ತು. ಬಹಳ ವರ್ಷಗಳ ಮೇಲೆ ಡೇವಿಡ್ ಕಾರ್ಡ್ ಎಂಬ ಅರ್ಥಶಾಸ್ತ್ರಜ್ಞ ಅದನ್ನೇ ಹಿಡಿದುಕೊಂಡು, ಅವರು 1976ರಲ್ಲಿ ಗಳಿಸುತ್ತಿದ್ದ ಕೂಲಿಯ ಜೊತೆ ಇಟ್ಟು ನೋಡಿದರು. ಕಾಲೇಜಿನ ಹತ್ತಿರ ಬೆಳೆದವರು ಹೆಚ್ಚು ಓದಿದ್ದರು, ಹೆಚ್ಚು ಗಳಿಸುತ್ತಿದ್ದರು. ಅದರ ಲಾಭ ಎಲ್ಲಕ್ಕಿಂತ ಹೆಚ್ಚಾಗಿ ದಕ್ಕಿದ್ದು ಓದಿನ ವಾತಾವರಣವಿಲ್ಲದ ಬಡ ಮನೆಗಳ ಹುಡುಗರಿಗೆ. ಮುಂದೆ 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ಈಗ ನಮ್ಮ ತಾಲ್ಲೂಕು ಕೇಂದ್ರಗಳನ್ನು ನೆನೆಯಿರಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಊರೂರಿಗೆ ಮಂಜೂರು ಮಾಡಿಸಿದ್ದೇವೆ, ಕಲ್ಲು ನೆಟ್ಟು ಶಾಸಕರ ಹೆಸರು ಕೆತ್ತಿಸಿದ್ದೇವೆ. ಆ ಕಾಲೇಜು ಬಂದ ಮೇಲೆ ಸುತ್ತಲ ಹಳ್ಳಿಯ ಕುರಿ ಕಾಯುವವನ ಮಗ ಏನಾದ ಎಂದು ಹೇಳಬಲ್ಲ ಒಂದು ಪುಟವೂ ನಮ್ಮಲ್ಲಿಲ್ಲ. ಅದರಲ್ಲಿ ಲಾಭ ಯಾರಿಗೆ? ಇನ್ನೊಂದು ಕಾಲೇಜನ್ನು ಯಾವ ಊರಿಗೆ ಕೊಡಬೇಕು ಎಂಬುದನ್ನು ಜಾತಿ, ಜೋರು, ಚುನಾವಣೆ ನೋಡಿ ತೀರ್ಮಾನಿಸುವವರಿಗೆ.

ಹಿರಿಯ ಗಂಡಸರ ಕತೆ ಬೇರೆ ತೆರನಾದದ್ದು. ವಯಸ್ಸಾಯಿತೆಂದು ಕಂಪನಿಗಳು ಬಲವಂತವಾಗಿ ಮನೆಗೆ ಕಳಿಸುತ್ತವೆ ಎಂಬ ಮಾತು ಆಗ ದೊಡ್ಡದಾಗಿತ್ತು. ವರ್ಷಗಟ್ಟಲೆ ಕೇಳುತ್ತಾ ಹೋದಾಗ ಹಾಗೆ ಹೊರಬಿದ್ದವರು ಕೆಲವರೇ ಎಂದೂ, ಮೈ ಕೈಕೊಟ್ಟು ಬಿಟ್ಟವರು ಬಹಳ ಎಂದೂ ತಿಳಿಯಿತು. 1990ರಲ್ಲಿ ಕೊನೆಯ ಸಲ ಅವರ ಮನೆಗಳಿಗೆ ಹೋದಾಗ ಐದು ಸಾವಿರದಲ್ಲಿ ಮಾತಿಗೆ ಸಿಕ್ಕವರು ಸುಮಾರು ಎರಡು ಸಾವಿರ ಮಂದಿ. ಸತ್ತವರ ಮನೆಗಳಿಗೂ ಹೋದರು. ಅವರ ವಿಧವೆಯರ ಎದುರು, ಮಕ್ಕಳ ಎದುರು ಕೂತು, ಆ ಗಂಡಸು ಕೊನೆಯ ದಿನಗಳನ್ನು ಹೇಗೆ ಕಳೆದ, ಹೆಂಡತಿಯ ಕೈಯಲ್ಲಿ ಈಗ ಏನು ಉಳಿದಿದೆ ಎಂದು ಕೇಳಿ ಬರೆದುಕೊಂಡರು. ನಮ್ಮ ಸಮಿತಿಯೂ ಸತ್ತವನ ಮನೆಗೇ ಹೋಗುತ್ತದೆ. ಆದರೆ ಅವರು ಹೋದದ್ದು ಇಪ್ಪತ್ತನಾಲ್ಕು ವರ್ಷದ ಪರಿಚಯದ ಮೇಲೆ.

ಎಚ್ಚರಿಕೆ ಎಂದೆನಲ್ಲ, ಅದು ಆ ಹುಡುಗರ ವಿಷಯದಲ್ಲಿ. 1981ರಲ್ಲಿ ಅವರ ಸರ್ವೆಯನ್ನು ನಿಲ್ಲಿಸಿಬಿಟ್ಟರು. ವಿಯೆಟ್ನಾಂ ಯುದ್ಧದ ಕಾಲದ ಪೀಳಿಗೆ ಅದು. ಊರು ಬಿಟ್ಟವರು, ಕೆಲಸ ಹುಡುಕಿಕೊಂಡು ಅಲೆದವರು, ಸೈನ್ಯಕ್ಕೆ ಹೋದವರು ಕೈತಪ್ಪಿಹೋದರು. ಹದಿನೈದು ವರ್ಷ ಕಳೆಯುವ ಹೊತ್ತಿಗೆ ಮೂರರಲ್ಲಿ ಒಂದು ಪಾಲು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಹೆಂಗಸರ ಎರಡೂ ಸರ್ವೆಗಳು 2003ರವರೆಗೆ ನಡೆದವು. ಹುಡುಗರದು ಅವರಿಗೆ 29ರಿಂದ 39 ವರ್ಷವಾಗಿದ್ದಾಗ, ಮಕ್ಕಳು ಶಾಲೆಗೆ ಹೋಗುತ್ತಿದ್ದಾಗ, ಕಾರ್ಖಾನೆಗಳು ಮುಚ್ಚತೊಡಗಿದ್ದಾಗ ನಿಂತಿತು. ಐವತ್ತಕ್ಕೆ ಅವರೇನಾದರು ಎಂಬುದನ್ನು ಆ ದಾಖಲೆ ಹೇಳಲಾರದು. ಕೈತಪ್ಪಿ ಹೋಗುವ ಗಂಡಸೇ ನಾವು ಕಾಣಲೇಬೇಕಾದ ಗಂಡಸು. ವಿಳಾಸ ಬದಲಾಗದವನ ಬದುಕು ಹೇಗೂ ಒಂದು ದಡದಲ್ಲಿರುತ್ತದೆ.

ಅಮೆರಿಕ ಅಲ್ಲಿಗೇ ಕೈ ಚೆಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಹುಡುಗರ ಸರ್ವೆ ನಿಲ್ಲುವ ಮೊದಲೇ, 1979ರಲ್ಲಿ, 12,686 ಯುವಕ ಯುವತಿಯರ ಹೊಸ ತಂಡವನ್ನು ಆರಿಸಿಕೊಂಡು ಇವತ್ತಿಗೂ ಕೇಳುತ್ತಿದ್ದಾರೆ. ಆ ಪೀಳಿಗೆಯವರು ಐವತ್ತು ದಾಟುವಷ್ಟರಲ್ಲಿ ಸರಾಸರಿ ಸುಮಾರು ಹನ್ನೆರಡು ಕೆಲಸ ಮಾಡಿದ್ದರು, ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಪ್ಪತ್ತೈದು ತುಂಬುವ ಮೊದಲೇ. ‘ನಮ್ಮ ಹುಡುಗ ಒಂದು ಕಡೆ ನಿಲ್ಲೋದಿಲ್ಲ’ ಎಂದು ಗೊಣಗುವ ಅಪ್ಪಂದಿರಿಗೆ ಸಮಾಧಾನವಾಗುವ ಅಂಕಿ ಇದು. ಆದರೆ ಅದು ಅವರ ಹುಡುಗರದು; ನಮ್ಮವರದಲ್ಲ.

ನಮ್ಮ ಮಣ್ಣಿನಲ್ಲಿ ಇಂಥದ್ದು ಆಗಿಯೇ ಇಲ್ಲವೇ? ಆಗಿದೆ, ಅರ್ಧಂಬರ್ಧ. 1954ರಲ್ಲಿ ಸ್ಕಾರ್ಲೆಟ್ ಎಪ್ಸ್ಟೈನ್ ಎಂಬ ವಿದ್ವಾಂಸೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಿಗೆ ಬಂದು ಉಳಿದರು. ಪುಸ್ತಕದಲ್ಲಿ ಅವನ್ನು ವಂಗಲ, ದಲೇನ ಎಂದು ಕರೆದರು. ವಿಶ್ವೇಶ್ವರಯ್ಯ ನಾಲೆಯ ನೀರು ವಂಗಲದ ಗದ್ದೆಗೆ ಹರಿಯಿತು. ಎತ್ತರದಲ್ಲಿದ್ದ ದಲೇನ ಒಣಗಿಯೇ ಉಳಿಯಿತು. ನೀರು ಬಂದ ಊರಿನ ಗಂಡಸರು ಕಬ್ಬು ಬೆಳೆದು ಹಳೆಯ ಬದುಕನ್ನೇ ಗಟ್ಟಿ ಮಾಡಿಕೊಂಡರು. ನೀರು ಬಾರದ ಊರಿನವರು ಮಂಡ್ಯದ ಪೇಟೆಗೆ, ಕೆಲಸಕ್ಕೆ, ವ್ಯಾಪಾರಕ್ಕೆ ನುಗ್ಗಿ ಬೇರೆಯೇ ಮನುಷ್ಯರಾದರು. 1970ರಲ್ಲಿ ಎಪ್ಸ್ಟೈನ್ ಮತ್ತೆ ಬಂದು ನೋಡಿದರು. ಮೊದಲು ಬಂದಾಗ ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣು ತರುತ್ತಿದ್ದ ಒಕ್ಕಲು ಮನೆಗಳಲ್ಲಿ ಆ ಹೊತ್ತಿಗೆ ವರದಕ್ಷಿಣೆ ಕಾಲಿಟ್ಟಿತ್ತು. ಹದಿನಾರು ವರ್ಷದೊಳಗೆ ಮದುವೆಯ ದುಡ್ಡು ಹರಿಯುವ ದಿಕ್ಕೇ ತಿರುಗಿತು! ಎರಡನೇ ಸಲ ಬಂದದ್ದರಿಂದ ಕಂಡ ಸಂಗತಿ ಅದು. ಆಮೇಲೂ ಆಕೆ ಆ ಊರುಗಳ ನಂಟು ಬಿಡಲಿಲ್ಲ. ಆದರೆ ಅದು ಒಬ್ಬ ಹೆಣ್ಣುಮಗಳ ನಿಷ್ಠೆ. ನಮ್ಮ ಯಾವ ವಿಶ್ವವಿದ್ಯಾಲಯವೂ ಅದನ್ನು ತನ್ನ ಹೊಣೆ ಎಂದು ಹೊತ್ತು ವರ್ಷ ವರ್ಷ ನಡೆಸಿಕೊಂಡು ಬರಲಿಲ್ಲ.

ಅದೇ ಮಂಡ್ಯ ಜಿಲ್ಲೆಯಿಂದ 2023ರ ಫೆಬ್ರುವರಿಯಲ್ಲಿ ಮೂವತ್ತು ದಾಟಿದ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟರು. ಟಿವಿಯವರಿಗೆ ಅದೊಂದು ತಮಾಷೆ. ಮೊಬೈಲಿನಲ್ಲಿ ನಗೆಚಟಾಕಿ ಓಡಾಡಿತು. ತೆರ ಕೊಡುತ್ತಿದ್ದ ಅಜ್ಜ, ವರದಕ್ಷಿಣೆ ತೆಗೆದುಕೊಂಡ ಅಪ್ಪ, ಯಾರೂ ಹೆಣ್ಣು ಕೊಡದ ಮೊಮ್ಮಗ. ಒಂದೇ ನೆಲದ ಮೂರು ತಲೆಮಾರು. ನಡುವೆ ಏನಾಯಿತು? ಹೆಣ್ಣು ಭ್ರೂಣಗಳನ್ನು ಕೊಂದ ಪಾಪವೆಷ್ಟು, ಓದಿದ ಹೆಣ್ಣುಮಕ್ಕಳು ಸೆಗಣಿ ಬಾಚುವ ಬಾಳು ಒಲ್ಲೆ ಎಂದದ್ದೆಷ್ಟು, ಜಮೀನು ತುಂಡಾದದ್ದೆಷ್ಟು, ಬೆಂಗಳೂರಿನ ಸೆಳೆತವೆಷ್ಟು? ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಆ ಹುಡುಗರಲ್ಲಿ ಸಾವಿರ ಜನರನ್ನು ಹದಿನೈದನೇ ವಯಸ್ಸಿನಿಂದ ಕೇಳಿಕೊಂಡು ಬಂದಿದ್ದರೆ ನಾವು ಊಹೆಯಲ್ಲಿ ಜಗಳವಾಡಬೇಕಿರಲಿಲ್ಲ.

ಹೊರಗೆ ಕೆಲವರು ದಾರಿ ತೋರಿದ್ದಾರೆ. ಉತ್ತರ ಪ್ರದೇಶದ ಪಾಲನ್‌ಪುರ ಎಂಬ ಒಂದೇ ಒಂದು ಹಳ್ಳಿಯನ್ನು ಅರ್ಥಶಾಸ್ತ್ರಜ್ಞರು 1957ರಿಂದ ದಶಕ ದಶಕಕ್ಕೂ ಹೋಗಿ ನೋಡುತ್ತಲೇ ಬಂದಿದ್ದಾರೆ. ನಮ್ಮ ಪಕ್ಕದ ಆಂಧ್ರ, ತೆಲಂಗಾಣದಲ್ಲಿ ‘ಯಂಗ್ ಲೈವ್ಸ್’ ಎಂಬ ಅಧ್ಯಯನ 2002ರಿಂದ ಮೂರು ಸಾವಿರ ಮಕ್ಕಳನ್ನು, ಕೆಲವರನ್ನು ಕೂಸಾಗಿದ್ದಾಗಿನಿಂದ, ಕೆಲವರನ್ನು ಎಂಟು ವರ್ಷದವರಾಗಿದ್ದಾಗಿನಿಂದ, ಹಿಂಬಾಲಿಸುತ್ತಿದೆ. ಗಂಡುಮಕ್ಕಳನ್ನು ದುಡ್ಡು ಕೊಟ್ಟು ಖಾಸಗಿ ಶಾಲೆಗೆ, ಹೆಣ್ಣುಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ತಾರತಮ್ಯ ಅಲ್ಲಿನ ದಾಖಲೆಯಲ್ಲಿ ಒಂದೊಂದು ಮಗುವಿನ ಹೆಸರಿನ ಹಿಂದೆ ಕಾಣುತ್ತದೆ. ರಾಯಚೂರಿನಿಂದ ಗಡಿ ದಾಟಿದರೆ ಆಗುವ ಕೆಲಸ ರಾಯಚೂರಿನಲ್ಲಿ ಏಕೆ ಆಗದು?

ಇಲ್ಲಿಗೆ ಒಂದು ಆಕ್ಷೇಪ ಬರುತ್ತದೆ, ಬರಬೇಕು. ‘ಹೆಂಗಸರ ನೋವೇ ಇನ್ನೂ ಪೂರ್ತಿ ಎಣಿಸಿಲ್ಲ, ಗಂಡಸರದೇಕೆ ಈಗ?’ ನಾನು ಹೆಂಗಸರನ್ನು ಬಿಡಿ ಎನ್ನುತ್ತಿಲ್ಲ. ಇಬ್ಬರನ್ನೂ ಹಿಂಬಾಲಿಸಿ ಎನ್ನುತ್ತಿದ್ದೇನೆ. ಆದರೂ ಗಂಡಸರ ಹೆಸರನ್ನು ಬೇರೆಯಾಗಿ ಎತ್ತಲು ಕಾರಣವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಮಾತಾಡಿಸಿದ ಹೆಂಗಸರು 7,24,115, ಗಂಡಸರು 1,01,839. ಮದುವೆ, ಮಗು, ಗರ್ಭನಿರೋಧ, ಹೊಡೆತ ಬಡಿತ ಎಲ್ಲವೂ ಹೆಣ್ಣಿನ ವಿಷಯ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಕೆಲಸದ ಸರ್ವೆಯಲ್ಲಿ ಗಂಡಸು ಬರುತ್ತಾನೆ, ಆದರೆ ಅಲ್ಲಿ ಅವನು ಸಂಬಳದ ಅಂಕಿ; ಎಷ್ಟೋ ಸಲ ಉತ್ತರ ಕೊಡುವುದೂ ಅವನಲ್ಲ, ಮನೆಯಲ್ಲಿ ಸಿಕ್ಕ ಇನ್ಯಾರೋ. ಅಪ್ಪನಾಗಿ, ಗಂಡನಾಗಿ, ಅಣ್ಣತಮ್ಮಂದಿರ ನಡುವೆ ಪಾಲಾದವನಾಗಿ ಅವನನ್ನು ಯಾರೂ ಕೇಳುವುದಿಲ್ಲ. ಹೆಂಡತಿಗೆ ಹೊಡೆಯುವವನು ಹದಿನೆಂಟಕ್ಕೆ ಹೇಗಿದ್ದ? ಯಾವ ವರ್ಷ ಬಾಟಲಿ ಹಿಡಿದ? ಕೆಲಸ ಹೋದ ಮೇಲೋ ಮೊದಲೋ? ಹೊಡೆಸಿಕೊಂಡವಳ ಲೆಕ್ಕ ಇಟ್ಟುಕೊಂಡು ಹೊಡೆದವನ ಲೆಕ್ಕ ಇಡದ ಸಮಾಜ ಹೆಣ್ಣಿಗೂ ನ್ಯಾಯ ಮಾಡಲಾರದು.

ಹಿಂಬಾಲಿಸುವುದೆಂದರೆ ಸುಮ್ಮನೆ ನೋಡುತ್ತಾ ಕೂರುವುದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಬಡ ಕಪ್ಪು ಗಂಡಸರನ್ನು ಸರ್ಕಾರಿ ವೈದ್ಯರು ‘ಹಿಂಬಾಲಿಸಿದರು’. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ಹೇಗೆ ಬೆಳೆಯುತ್ತದೆ ನೋಡಬೇಕಿತ್ತು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಅದು ನಿಂತಿತು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಮನುಷ್ಯನನ್ನು ಅಂಕಿಯಾಗಿಸಿದವರು ಮಾಡಿದ ಅಪರಾಧ ಅದು. ಹುಡುಗ ತೊಂದರೆಯಲ್ಲಿದ್ದಾನೆಂದು ಕಂಡರೆ ಸಹಾಯದ ದಾರಿ ತೋರಿಸುವುದು ಕೇಳಲು ಹೋದವನ ಕರ್ತವ್ಯವಾಗಬೇಕು. ಹಾಗೆ ಮಾಡಿದರೆ ಲೆಕ್ಕ ಕೆಡುತ್ತದೆ ಎನ್ನುವ ಪಂಡಿತರಿದ್ದರೆ, ಕೆಡಲಿ.

ಜನರ ಭಯವೂ ಸುಮ್ಮನೆ ಹುಟ್ಟಿದ್ದಲ್ಲ. ನಿಜವಾದ ಆದಾಯ ಹೇಳಿದರೆ ಬಿಪಿಎಲ್ ಕಾರ್ಡು ಹೋಗುತ್ತದೆ ಎಂದು ಗೊತ್ತಿರುವ ಮನೆಯಲ್ಲಿ ಯಾರು ಸತ್ಯ ಹೇಳುತ್ತಾರೆ? 2025ರ ಸಮೀಕ್ಷೆಯ ಸಮಯದಲ್ಲಿ ಹೈಕೋರ್ಟೇ ನಡುವೆ ಬಂದು, ಉತ್ತರ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಮಾಹಿತಿ ಗುಟ್ಟಾಗಿರಬೇಕು ಎಂದು ಹೇಳಬೇಕಾಯಿತು. ಆದ್ದರಿಂದ ಈ ದಾಖಲೆ ತಹಶೀಲ್ದಾರರ ಕೈಗೂ, ಪೊಲೀಸರ ಕೈಗೂ, ಪಕ್ಷಗಳ ಕೈಗೂ ಸಿಗದಂತೆ ಕಾನೂನೇ ಬೇಲಿ ಹಾಕಬೇಕು. ಅಮೆರಿಕದಲ್ಲಿ ಇಂಥ ಉತ್ತರವನ್ನು ಹೊರಗೆ ಬಿಟ್ಟ ನೌಕರನಿಗೆ ಐದು ವರ್ಷದವರೆಗೆ ಜೈಲು. ಹೆಸರು ಒಂದು ಕಡೆ, ಉತ್ತರ ಇನ್ನೊಂದು ಕಡೆ, ಎರಡನ್ನೂ ಜೋಡಿಸುವ ಕೀಲಿ ಮೂರನೆಯವರ ಹತ್ತಿರ.

ನಾನು ಕೇಳುತ್ತಿರುವುದು ಇದು. ಮೂವತ್ತೊಂದು ಜಿಲ್ಲೆಗಳಿಂದ ಹದಿನೈದು ವರ್ಷದ ಹತ್ತು ಸಾವಿರ ಹುಡುಗರನ್ನೂ ಅಷ್ಟೇ ಹುಡುಗಿಯರನ್ನೂ ಆರಿಸಿ. ಶಾಲೆಯ ಪಟ್ಟಿಯಿಂದ ಆರಿಸಬೇಡಿ. ಶಾಲೆ ಬಿಟ್ಟವನೇ ತಪ್ಪಿಹೋಗುತ್ತಾನೆ. ಹಾಡಿಯಿಂದ, ತಾಂಡಾದಿಂದ, ಕೊಳೆಗೇರಿಯಿಂದ ಪಾಲಿಗಿಂತ ಹೆಚ್ಚು ಆರಿಸಿ. ಎರಡು ವರ್ಷಕ್ಕೊಮ್ಮೆ ಹೋಗಿ, ನಲವತ್ತು ವರ್ಷ ಹೋಗಿ. ಅವನು ಗುಳೆ ಹೋಗಿದ್ದರೆ ಅಲ್ಲಿಗೇ ಹೋಗಿ. ಬೆಂಗಳೂರಿನ ತಗಡಿನ ಶೆಡ್ಡಿಗೆ, ಗೋವಾದ ದಕ್ಕೆಗೆ. ದುಬೈಗೆ ಹೋಗಿದ್ದರೆ ಫೋನಿನಲ್ಲಿ ಹಿಡಿಯಿರಿ. ಮೊದಲ ದಿನವೇ ‘ನೀನು ಎಲ್ಲಿ ಹೋದರೂ ನಿನ್ನ ಸುದ್ದಿ ಗೊತ್ತಿರುವವರು ಯಾರಪ್ಪಾ’ ಎಂದು ಕೇಳಿ ಬರೆದುಕೊಳ್ಳಿ. ನಮ್ಮಲ್ಲಿ ಸೋದರಮಾವನಿಗೆ ಗೊತ್ತಿಲ್ಲದೆ ಯಾವ ಹುಡುಗ ಕಳೆದುಹೋಗುತ್ತಾನೆ? ಈ ಕೆಲಸಕ್ಕೆ ಮೇಷ್ಟ್ರನ್ನು ಎಳೆಯಬೇಡಿ; ಆಯಾ ತಾಲ್ಲೂಕಿನ ಓದಿದ ನಿರುದ್ಯೋಗಿಗಳಿಗೇ ಸಂಬಳ ಕೊಟ್ಟು ಕಲಿಸಿ. ಯುವನಿಧಿ ಹೆಸರಿನಲ್ಲಿ ಡಿಗ್ರಿ ಮುಗಿಸಿದವನಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಸರ್ಕಾರಕ್ಕೆ, ಆ ದುಡ್ಡು ಪಡೆದವನು ಎರಡು ವರ್ಷದ ಮೇಲೆ ಏನಾದ ಎಂದು ತಿಳಿಯುವ ಕುತೂಹಲವಾದರೂ ಬೇಡವೇ?

ಕೆಲಸ ಹೊರಲು ಜಾಗವಿದೆ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಇದೆ. ಹೆಸರಿನಲ್ಲೇ ಬದಲಾವಣೆ ಇರುವ ಸಂಸ್ಥೆ ಒಬ್ಬೊಬ್ಬ ಮನುಷ್ಯನ ಬದಲಾವಣೆಯನ್ನು ಹಿಡಿಯಲಿ. ಹಣ ಪ್ರತಿ ಬಜೆಟ್ಟಿನಲ್ಲಿ ಭಿಕ್ಷೆ ಕೇಳುವಂತಾಗಬಾರದು. ಮುಂದಿನ ಹತ್ತು ಮುಖ್ಯಮಂತ್ರಿಗಳೂ ಕೈಯಾಡಿಸಲಾಗದಂತೆ ನಿಧಿ ಇಡಬೇಕು. ಇದರ ಫಲ ಯಾವ ಸರ್ಕಾರದ ಅವಧಿಯಲ್ಲೂ ಬರುವುದಿಲ್ಲ ಎಂಬುದು ನನಗೆ ಗೊತ್ತು. ಪ್ರಾಧ್ಯಾಪಕರಿಗೂ ಅಷ್ಟೆ, ಮೂರು ವರ್ಷದಲ್ಲಿ ಪಿಎಚ್‌ಡಿ ಮುಗಿಯಬೇಕು, ಐದರಲ್ಲಿ ಬಡ್ತಿ ಸಿಗಬೇಕು. ತಾವು ನಿವೃತ್ತರಾದ ಮೇಲೆ ಇನ್ಯಾರೋ ಬರೆಯುವ ಪುಸ್ತಕಕ್ಕೆ ಇವತ್ತು ಬಿಸಿಲಲ್ಲಿ ಅಲೆಯುವ ಮೇಷ್ಟ್ರು ಮೇಡಮ್ಮುಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದ್ದಾರೆಯೇ? ಇದ್ದರೆ ಮುಂದೆ ಬನ್ನಿ.

ಇದನ್ನು ಓದುತ್ತಿರುವ ನೀವು ನಿಮ್ಮ ಶಾಸಕರು ಮದುವೆ ಮನೆಯಲ್ಲಿ ಸಿಕ್ಕಾಗ ರಸ್ತೆ, ಚರಂಡಿ ಕೇಳಿದ ಮೇಲೆ ಇದನ್ನೂ ಕೇಳಿ: ನಮ್ಮ ತಾಲ್ಲೂಕಿನಲ್ಲಿ ಹೋದ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಉಳಿದುಹೋದ ಹುಡುಗರು ಈಗ ಎಲ್ಲಿದ್ದಾರೆ? ಉತ್ತರ ಬರುವುದಿಲ್ಲ. ಮುಂದಿನ ವರ್ಷವೂ ಕೇಳಿ. ಒಂದು ದಿನ ನಿಮ್ಮ ಮನೆಯ ಬಾಗಿಲಿಗೇ ಯಾರಾದರೂ ಬಂದು ನಿಮ್ಮ ಮಗನನ್ನು ಮಾತಾಡಿಸಬೇಕು ಎಂದರೆ, ಅವನ ಪರವಾಗಿ ನೀವು ಉತ್ತರ ಕೊಡಬೇಡಿ. ಅವನನ್ನು ಕರೆಯಿರಿ, ಕುರ್ಚಿ ಹಾಕಿ, ಇಬ್ಬರನ್ನೇ ಬಿಟ್ಟು ಒಳಗೆ ಹೋಗಿ. ಎರಡು ವರ್ಷ ಬಿಟ್ಟು ಅವರು ಮತ್ತೆ ಬಂದರೆ ಮತ್ತೆ ಕರೆಯಿರಿ.